ಇಂಗ್ಲಿಷಿನಲ್ಲಿ ದಿಕ್ಕು ಮತ್ತು ಚಲನೆಯನ್ನು ಹೇಳುವ ಪ್ರಿಪೊಸಿಷನ್‌ಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ಇಂಗ್ಲಿಷನ್ನು ಓದಿ ಅರ್ಥ ಮಾಡಿಕೊಳ್ಳಬಲ್ಲ, ಆದರೆ ಬರೆಯುವಾಗಲೂ ಮಾತನಾಡುವಾಗಲೂ ‘ಟು’ ಹಾಕಬೇಕೋ ‘ಇಂಟು’ ಹಾಕಬೇಕೋ ಎಂದು ತಡವರಿಸುವ ಕನ್ನಡಿಗರನ್ನು ಮನಸ್ಸಿನಲ್ಲಿಟ್ಟುಕೊಂಡು ಈ ಉತ್ತರಗಳನ್ನು ಬರೆಯಲಾಗಿದೆ. ಶಾಲೆಯಲ್ಲಿ ಈ ಪದಗಳನ್ನು ಪಟ್ಟಿ ಮಾಡಿ, ಪ್ರತಿಯೊಂದರ ಎದುರಿಗೆ ಒಂದು ಕನ್ನಡ ಅರ್ಥವನ್ನು ಬರೆಸುವುದು ರೂಢಿ. ತೊಡಕು ಹುಟ್ಟುವುದೇ ಅಲ್ಲಿ. ನಮ್ಮ ಒಂದು ವಿಭಕ್ತಿ ಪ್ರತ್ಯಯದ ಎದುರಿಗೆ ಇಂಗ್ಲಿಷಿನಲ್ಲಿ ಒಮ್ಮೆ ಐದಾರು ಪದಗಳು ನಿಲ್ಲುತ್ತವೆ, ಒಮ್ಮೊಮ್ಮೆ ಒಂದೂ ಇರುವುದಿಲ್ಲ. ಇಂಗ್ಲಿಷ್ ಉದಾಹರಣೆಗಳನ್ನು ಕನ್ನಡ ಲಿಪಿಯಲ್ಲಿಯೇ ಕೊಟ್ಟಿರುವುದರಿಂದ ಒಂದು ಎಚ್ಚರಿಕೆ ಅಗತ್ಯ: ಇಲ್ಲಿ ‘ಆಫ್’ ಎಂದರೆ ಮೇಲ್ಮೈಯಿಂದ ಕಳಚಿಕೊಳ್ಳುವುದನ್ನು ಹೇಳುವ, ಎರಡು ಎಫ್ ಅಕ್ಷರಗಳಿರುವ ಪದ, ಒಂದೇ ಎಫ್ ಇರುವ ಇನ್ನೊಂದು ಪದವನ್ನು, ಅದರ ಉಚ್ಚಾರಣೆಯಂತೆಯೇ, ‘ಆವ್’ ಎಂದು ಬರೆಯಲಾಗಿದೆ.

ಕನ್ನಡದಲ್ಲಿ ‘ಗೆ’ ಅಥವಾ ‘ಕ್ಕೆ’ ಬಂದಲ್ಲೆಲ್ಲ ‘ಟು’ ಬಳಸಬಹುದೇ?

ಬಳಸುವಂತಿಲ್ಲ. ನಾವು ಮಾಡುವ ತಪ್ಪುಗಳಲ್ಲಿ ಹೆಚ್ಚಿನವು ಈ ಒಂದು ನಂಬಿಕೆಯಿಂದಲೇ ಹುಟ್ಟುತ್ತವೆ. ‘ಮಾರುಕಟ್ಟೆಗೆ ಹೋದಳು’ ಎಂಬುದು ‘ಶಿ ವೆಂಟ್ ಟು ದಿ ಮಾರ್ಕೆಟ್’ ಆಗುವುದು ಸರಿ. ಆದರೆ ‘ಚೀಲಕ್ಕೆ ಪುಸ್ತಕ ತುರುಕಿದ’ ಎನ್ನುವಲ್ಲಿ ‘ಇಂಟು ದಿ ಬ್ಯಾಗ್’ ಬೇಕು. ‘ನಾಯಿಗೆ ಕಲ್ಲು ಎಸೆದ’ ಎನ್ನುವಲ್ಲಿ ‘ಅಟ್ ದಿ ಡಾಗ್’ ಬೇಕು. ‘ದೆಹಲಿಗೆ ಹೊರಟ’ ಎಂಬುದು ‘ಲೆಫ್ಟ್ ಫಾರ್ ಡೆಲ್ಲಿ’ ಆಗುತ್ತದೆ. ‘ಬಸ್ಸಿಗೆ ಹತ್ತಿದ’ ಎಂಬುದು ‘ಗಾಟ್ ಆನ್ ದಿ ಬಸ್’ ಆಗುತ್ತದೆ. ‘ಮನೆಗೆ ಹೋದ’ ಎಂಬುದರಲ್ಲಿ ಪ್ರಿಪೊಸಿಷನ್ನೇ ಇರುವುದಿಲ್ಲ.

‘ಟು’ ಎಂಬ ಪದ ಹೇಳುವುದು ಬಹಳ ಕಡಿಮೆ. ಅದು ಗುರಿಯನ್ನು ನಕ್ಷೆಯ ಮೇಲಿನ ಒಂದು ಬಿಂದುವಿನಂತೆ ಕಾಣುತ್ತದೆ. ಅಲ್ಲಿಗೆ ಮುಟ್ಟಿದ್ದನ್ನು ಮಾತ್ರ ತಿಳಿಸುತ್ತದೆ. ಒಳಗೆ ಹೋದರೇ, ಮೇಲೆ ಏರಿದರೇ ಎಂಬುದರ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ. ‘ಐ ವೆಂಟ್ ಟು ದಿ ಬ್ಯಾಂಕ್’ ಎಂದವನು ಬಾಗಿಲು ಮುಚ್ಚಿದ್ದನ್ನು ನೋಡಿ ಮೆಟ್ಟಿಲಿನಿಂದಲೇ ಮರಳಿರಬಹುದು. ‘ಐ ವೆಂಟ್ ಇಂಟು ದಿ ಬ್ಯಾಂಕ್’ ಎಂದವನು ಹೊಸ್ತಿಲು ದಾಟಿರಲೇಬೇಕು. ಆದ್ದರಿಂದ ‘ಗೆ’ ಬಂದಾಗ ಮೊದಲು ಕೇಳಿಕೊಳ್ಳಬೇಕಾದದ್ದು, ಈ ವಾಕ್ಯದಲ್ಲಿ ಗುರಿಯನ್ನು ಬಿಂದುವೆಂದು ನೋಡುತ್ತಿದ್ದೇನೆಯೇ, ಮೇಲ್ಮೈಯೆಂದು ನೋಡುತ್ತಿದ್ದೇನೆಯೇ, ಒಳಾವರಣವೆಂದು ನೋಡುತ್ತಿದ್ದೇನೆಯೇ ಎಂಬುದು. ಬಿಂದುವಿಗೆ ‘ಟು’, ಮೇಲ್ಮೈಗೆ ‘ಆಂಟು’ ಅಥವಾ ‘ಆನ್’, ಒಳಾವರಣಕ್ಕೆ ‘ಇಂಟು’.

‘ಗೋ ಟು ಹೋಮ್’ ಏಕೆ ತಪ್ಪು?

ಏಕೆಂದರೆ ಇಲ್ಲಿ ‘ಹೋಮ್’ ನಾಮಪದವಾಗಿ ಬಂದಿಲ್ಲ. ‘ಮನೆಗೆ’ ಎಂಬ ಇಡೀ ಅರ್ಥವನ್ನು ತನ್ನೊಳಗೇ ಇರಿಸಿಕೊಂಡ ಕ್ರಿಯಾವಿಶೇಷಣವಾಗಿ ಬಂದಿದೆ. ಹಳೆಯ ಇಂಗ್ಲಿಷಿನಲ್ಲಿ ನಾಮಪದಗಳಿಗೆ ವಿಭಕ್ತಿಗಳಿದ್ದವು. ಗುರಿಯನ್ನು ಸೂಚಿಸಲು ಈ ಪದವನ್ನು ದ್ವಿತೀಯಾ ವಿಭಕ್ತಿಯಲ್ಲಿ ಹೇಳಿದರೆ ಸಾಕಿತ್ತು. ಕಾಲಕ್ರಮದಲ್ಲಿ ಪ್ರತ್ಯಯಗಳು ಸವೆದುಹೋದರೂ ‘ಹೋಮ್’ ಆ ಬಳಕೆಯನ್ನು ಬಿಟ್ಟುಕೊಟ್ಟಿಲ್ಲ. ಅದಕ್ಕೆ ಮತ್ತೆ ‘ಟು’ ಸೇರಿಸುವುದು ‘ಮನೆಗೆ’ ಎಂಬುದಕ್ಕೆ ಇನ್ನೊಂದು ‘ಗೆ’ ಹಚ್ಚಿದಂತೆ.

ಆದರೆ ಅದೇ ಪದದ ಹಿಂದೆ ಯಾರ ಮನೆ, ಎಂತಹ ಮನೆ ಎಂದು ಹೇಳುವ ಪದ ಬಂದರೆ ಅದು ಮತ್ತೆ ನಾಮಪದವಾಗುತ್ತದೆ, ‘ಟು’ ಮರಳಿ ಬರುತ್ತದೆ: ‘ಶಿ ವೆಂಟ್ ಟು ಹರ್ ಪೇರೆಂಟ್ಸ್ ಹೋಮ್’. ‘ಹಿಯರ್’, ‘ದೇರ್’, ‘ಅಬ್ರಾಡ್’, ‘ಅಪ್‌ಸ್ಟೇರ್ಸ್’, ‘ಔಟ್‌ಸೈಡ್’ ಮುಂತಾದ ಪದಗಳೂ ಹೀಗೆಯೇ ‘ಟು’ ಇಲ್ಲದೆ ನಡೆಯುತ್ತವೆ. ‘ಫಾರಿನ್‌ಗೆ ಹೋದ’ ಎಂಬ ನಮ್ಮ ಮಾತನ್ನು ‘ವೆಂಟ್ ಟು ಫಾರಿನ್’ ಎಂದು ತಿರುಗಿಸುವುದು ತಪ್ಪು. ಇಂಗ್ಲಿಷಿನಲ್ಲಿ ‘ಫಾರಿನ್’ ಎಂಬುದು ವಿಶೇಷಣ ಮಾತ್ರ, ಸ್ಥಳದ ಹೆಸರಲ್ಲ. ‘ವೆಂಟ್ ಅಬ್ರಾಡ್’ ಎನ್ನಬೇಕು.

‘ಎಲ್ಲಿಗೆ’ ಎಂದು ಕೇಳುವಾಗ ‘ಟು’ ಬೇಡ, ‘ಎಲ್ಲಿಂದ’ ಎಂದು ಕೇಳುವಾಗ ‘ಫ್ರಮ್’ ಬೇಕು. ಈ ವ್ಯತ್ಯಾಸ ಏಕೆ?

ಕನ್ನಡದಲ್ಲಿ ‘ಎಲ್ಲಿ’, ‘ಎಲ್ಲಿಗೆ’, ‘ಎಲ್ಲಿಂದ’ ಎಂದು ಮೂರು ರೂಪಗಳು ಸ್ಪಷ್ಟವಾಗಿವೆ. ಶೇಕ್ಸ್‌ಪಿಯರನ ಕಾಲದ ಇಂಗ್ಲಿಷಿನಲ್ಲಿಯೂ ಮೂರು ಪದಗಳು ಬಳಕೆಯಲ್ಲಿದ್ದವು: ‘ವೇರ್’, ‘ವಿದರ್’, ‘ವೆನ್ಸ್’. ಹಾಗೆಯೇ ‘ಇಲ್ಲಿಗೆ’ ಎನ್ನಲು ‘ಹಿದರ್’, ‘ಅಲ್ಲಿಗೆ’ ಎನ್ನಲು ‘ದಿದರ್’ ಇದ್ದವು. ‘ಗೆ’ ಅರ್ಥದ ಈ ಪದಗಳು ಬಳಕೆ ತಪ್ಪಿದಾಗ ಅವುಗಳ ಕೆಲಸವನ್ನು ‘ವೇರ್’, ‘ಹಿಯರ್’, ‘ದೇರ್’ ತಾವೇ ವಹಿಸಿಕೊಂಡವು. ಹಾಗಾಗಿ ‘ವೇರ್ ಆರ್ ಯೂ ಗೋಯಿಂಗ್’, ‘ಕಮ್ ಹಿಯರ್’ ಎಂಬಲ್ಲಿ ‘ಟು’ ಬೇಕಾಗುವುದಿಲ್ಲ. ‘ಇಂದ’ ಅರ್ಥದ ಕೆಲಸವನ್ನು ಅವು ವಹಿಸಿಕೊಳ್ಳಲಿಲ್ಲ. ಅದಕ್ಕಾಗಿಯೇ ‘ವೇರ್ ಡು ಯೂ ಕಮ್ ಫ್ರಮ್’ ಎಂಬ ವಾಕ್ಯದ ಕೊನೆಯಲ್ಲಿ ‘ಫ್ರಮ್’ ಕಡ್ಡಾಯ. ಪ್ರಿಪೊಸಿಷನ್ ವಾಕ್ಯದ ಕೊನೆಯಲ್ಲಿ ಬರಬಾರದೆಂದು ಕಲಿತವರು ಇದನ್ನು ನೋಡಿ ಹಿಂಜರಿಯುತ್ತಾರೆ. ಹಿಂಜರಿಯಬೇಕಾಗಿಲ್ಲ, ಆ ನಿಯಮಕ್ಕೆ ಇಂಗ್ಲಿಷಿನ ನಿಜವಾದ ಬಳಕೆಯಲ್ಲಿ ಆಧಾರವಿಲ್ಲ.

‘ರೀಚ್’, ‘ಎಂಟರ್’, ‘ಅಪ್ರೋಚ್’ ಇವುಗಳ ಜೊತೆ ಏನು ಬರಬೇಕು?

ಏನೂ ಬರಬೇಕಾಗಿಲ್ಲ. ಇವು ದಿಕ್ಕನ್ನು ತಮ್ಮೊಳಗೇ ಹೊತ್ತ ಸಕರ್ಮಕ ಕ್ರಿಯಾಪದಗಳು. ‘ವಿ ರೀಚ್ಡ್ ಮೈಸೂರು’, ‘ಶಿ ಎಂಟರ್ಡ್ ದಿ ರೂಮ್’, ‘ದಿ ಬೋಟ್ ಅಪ್ರೋಚ್ಡ್ ದಿ ಶೋರ್’ ಎಂದಷ್ಟೇ ಹೇಳಬೇಕು. ‘ವಿಸಿಟ್’, ‘ಕ್ರಾಸ್’, ‘ಲೀವ್’ ಸಹ ಇದೇ ಗುಂಪಿನವು. ‘ಎಂಟರ್ ಇಂಟು’ ಎಂಬ ಬಳಕೆ ಇದೆ, ಆದರೆ ಅದು ಒಪ್ಪಂದ, ಮಾತುಕತೆಗಳಂತಹವುಗಳಿಗೆ, ಕೋಣೆಗೆ ಅಲ್ಲ.

‘ರೀಚ್’ ಕುರಿತು ಇನ್ನೊಂದು ಮಾತು. ಪ್ರಯಾಣ ಮುಗಿಸಿ ಮನೆಯವರಿಗೆ ‘ಐ ರೀಚ್ಡ್’ ಎಂದು ಸಂದೇಶ ಕಳಿಸುವುದು ನಮ್ಮಲ್ಲಿ ಎಷ್ಟು ಸಾಮಾನ್ಯವೆಂದರೆ ಅದು ಭಾರತೀಯ ಇಂಗ್ಲಿಷಿನ ಒಂದು ಗುರುತೇ ಆಗಿದೆ. ನಮ್ಮ ನಡುವೆ ಅದರಿಂದ ಯಾವ ಹಾನಿಯೂ ಇಲ್ಲ. ಆದರೆ ಬ್ರಿಟನ್ನಿನ ಅಥವಾ ಅಮೆರಿಕದ ಓದುಗನಿಗೆ ಆ ವಾಕ್ಯ ಅರ್ಧಕ್ಕೆ ನಿಂತಂತೆ ಕೇಳುತ್ತದೆ, ಏಕೆಂದರೆ ಅವರ ಬಳಕೆಯಲ್ಲಿ ‘ರೀಚ್’ ಎಂಬುದಕ್ಕೆ ಕರ್ಮಪದ ಇರಲೇಬೇಕು. ಅವರು ‘ಐ ಹ್ಯಾವ್ ಅರೈವ್ಡ್’ ಎನ್ನುತ್ತಾರೆ.

‘ಅರೈವ್’ ಇದಕ್ಕೆ ವಿರುದ್ಧವಾದ ಸ್ವಭಾವದ್ದು. ತಲುಪಿದ ಸ್ಥಳವನ್ನು ಹೆಸರಿಸುವಾಗ ಅದಕ್ಕೆ ಪ್ರಿಪೊಸಿಷನ್ ಬೇಕು, ಆದರೆ ಅದು ‘ಟು’ ಅಲ್ಲ. ನಿಲ್ದಾಣ, ಕಟ್ಟಡ, ಸಭೆಗಳಂತಹವಕ್ಕೆ ‘ಅರೈವ್ ಅಟ್’. ಊರು, ದೇಶಗಳಿಗೆ ‘ಅರೈವ್ ಇನ್’. ಇಂಗ್ಲಿಷ್ ಇದನ್ನು ಚಲನೆಯೆಂದಲ್ಲ, ಚಲನೆ ಮುಗಿದ ಸ್ಥಿತಿಯೆಂದು ನೋಡುತ್ತದೆ. ಹಾಗಾಗಿ ಸ್ಥಿತಿಯನ್ನು ಹೇಳುವ ಪದಗಳೇ ಇಲ್ಲಿ ಬರುತ್ತವೆ.

‘ಟು’, ‘ಟುವರ್ಡ್ಸ್’, ‘ಫಾರ್’ ಇವುಗಳಲ್ಲಿ ವ್ಯತ್ಯಾಸವೇನು?

‘ಟು’ ಬಂದರೆ ಗುರಿ ಮುಟ್ಟಿದಂತೆ. ‘ಟುವರ್ಡ್ಸ್’ ಎಂದರೆ ‘ಕಡೆಗೆ’. ಮುಟ್ಟಿದ ಭರವಸೆ ಇಲ್ಲ. ‘ದಿ ಚೈಲ್ಡ್ ರ್‍ಯಾನ್ ಟುವರ್ಡ್ಸ್ ದಿ ವೆಲ್’ ಎಂದರೆ ಮಗು ಬಾವಿಯ ಕಡೆಗೆ ಓಡಿತು, ನಡುವೆ ಯಾರಾದರೂ ತಡೆದಿರಬಹುದು. ‘ಫಾರ್’ ಹೇಳುವುದು ಹೊರಡುವಾಗ ಮನಸ್ಸಿನಲ್ಲಿದ್ದ ಗುರಿಯನ್ನು. ‘ಲೀವ್’, ‘ಸೆಟ್ ಔಟ್’, ‘ಹೆಡ್’ ಎಂಬ ಕ್ರಿಯಾಪದಗಳ ಜೊತೆ ಅದು ಬರುತ್ತದೆ. ‘ಲೆಫ್ಟ್ ಟು ಡೆಲ್ಲಿ’ ಎಂಬುದು ತಪ್ಪು. ಬೆಂಗಳೂರು ಬಿಟ್ಟು ದೆಹಲಿಗೆ ಹೊರಟ ಎನ್ನಬೇಕಾದರೆ ‘ಹಿ ಲೆಫ್ಟ್ ಬೆಂಗಳೂರು ಫಾರ್ ಡೆಲ್ಲಿ’. ಬಿಟ್ಟ ಊರಿಗೆ ಪ್ರಿಪೊಸಿಷನ್ ಇಲ್ಲ, ಹೊರಟ ಊರಿಗೆ ಇದೆ.

‘ಥ್ರೋ ಟು’ ಮತ್ತು ‘ಥ್ರೋ ಅಟ್’ ಒಂದೇ ಅಲ್ಲವೇ?

ಒಂದೇ ಎಂದು ಭಾವಿಸಿದರೆ ಅರ್ಥವೇ ತಲೆಕೆಳಗಾಗುತ್ತದೆ. ‘ಹಿ ಥ್ರೂ ದಿ ಬಾಲ್ ಟು ಮಿ’ ಎಂದರೆ ನಾನು ಹಿಡಿಯಲೆಂದು ಎಸೆದ. ‘ಹಿ ಥ್ರೂ ದಿ ಬಾಲ್ ಅಟ್ ಮಿ’ ಎಂದರೆ ನನಗೆ ಬಡಿಯಲೆಂದು ಎಸೆದ. ಕನ್ನಡದಲ್ಲಿ ಎರಡಕ್ಕೂ ‘ನನಗೆ ಎಸೆದ’ ಎನ್ನಬಹುದು. ಸಂದರ್ಭವೇ ಅರ್ಥವನ್ನು ತಿಳಿಸುತ್ತದೆ. ಕೂಗುವುದೂ ಹಾಗೆಯೇ: ಹೊಲದ ಆಚೆಗಿರುವ ತಂಗಿಗೆ ಕೇಳಿಸಲೆಂದು ಕೂಗಿದರೆ ‘ಶೌಟೆಡ್ ಟು’, ಸಿಟ್ಟಿನಿಂದ ಅವಳ ಮೇಲೆ ರೇಗಿದರೆ ‘ಶೌಟೆಡ್ ಅಟ್’. ‘ಟು’ ಇರುವಲ್ಲಿ ಎದುರಿನವರು ಪಡೆಯುವವರು, ‘ಅಟ್’ ಇರುವಲ್ಲಿ ಅವರು ಗುರಿಹಲಗೆ. ಕೆಲಸದ ಸ್ಥಳದ ದೂರಿನಲ್ಲಿ ಅಥವಾ ಪೊಲೀಸರಿಗೆ ಕೊಡುವ ಹೇಳಿಕೆಯಲ್ಲಿ ಈ ಎರಡು ಪುಟ್ಟ ಪದಗಳು ಅದಲುಬದಲಾದರೆ ಒಬ್ಬರ ನಡತೆಯ ಬಗ್ಗೆಯೇ ತಪ್ಪು ಚಿತ್ರ ಮೂಡುತ್ತದೆ. ಆದ್ದರಿಂದ ಈ ಜೋಡಿಯನ್ನು ಉಳಿದವುಗಳಿಗಿಂತ ಮೊದಲು ಕಲಿಯಬೇಕೆಂದು ನನಗೆ ಅನ್ನಿಸುತ್ತದೆ.

‘ಇನ್’ ಮತ್ತು ‘ಇಂಟು’, ‘ಆನ್’ ಮತ್ತು ‘ಆಂಟು’: ಯಾವಾಗ ಯಾವುದು?

‘ಇನ್’, ‘ಆನ್’ ಇರುವಿಕೆಯನ್ನು ಹೇಳುತ್ತವೆ; ‘ಇಂಟು’, ‘ಆಂಟು’ ಹೊರಗಿನಿಂದ ಒಳಕ್ಕೆ, ಕೆಳಗಿನಿಂದ ಅಥವಾ ಪಕ್ಕದಿಂದ ಮೇಲಕ್ಕೆ ಆಗುವ ಸ್ಥಳಾಂತರವನ್ನು ಹೇಳುತ್ತವೆ. ‘ಶಿ ವಾಕ್ಡ್ ಇನ್ ದಿ ಗಾರ್ಡನ್’ ಎಂದರೆ ಅವಳು ತೋಟದಲ್ಲಿ ಅಡ್ಡಾಡಿದಳು. ‘ಶಿ ವಾಕ್ಡ್ ಇಂಟು ದಿ ಗಾರ್ಡನ್’ ಎಂದರೆ ತೋಟದೊಳಕ್ಕೆ ನಡೆದಳು. ನಮ್ಮ ‘ಅಲ್ಲಿ’ ಮತ್ತು ‘ಒಳಕ್ಕೆ’ ಇವುಗಳ ನಡುವಿನ ವ್ಯತ್ಯಾಸವೇ ಇದು. ಆದರೆ ‘ಪುಟ್’, ‘ಡ್ರಾಪ್’, ‘ಫಾಲ್’ ಮುಂತಾದ ಕ್ರಿಯಾಪದಗಳಲ್ಲಿ ಸ್ಥಳಾಂತರ ಕ್ರಿಯೆಯಲ್ಲೇ ಅಡಗಿರುವುದರಿಂದ ‘ಪುಟ್ ಇಟ್ ಇನ್ ದಿ ಬಾಕ್ಸ್’ ಎಂದರೂ ಸರಿ, ‘ಇಂಟು ದಿ ಬಾಕ್ಸ್’ ಎಂದರೂ ಸರಿ. ಹಾಗೆಯೇ ‘ಜಂಪ್ಡ್ ಆನ್ ದಿ ಟೇಬಲ್’ ಎಂಬುದಕ್ಕೆ ಎರಡು ಅರ್ಥ ಸಾಧ್ಯ: ಮೇಜಿನ ಮೇಲೆಯೇ ನಿಂತು ಕುಣಿದನೋ, ನೆಲದಿಂದ ಅದರ ಮೇಲಕ್ಕೆ ಹಾರಿದನೋ? ಎರಡನೆಯ ಅರ್ಥ ಮಾತ್ರ ಬೇಕಾದರೆ ‘ಆಂಟು’ ಎಂದು ಬರೆಯುವುದು ಕ್ಷೇಮ.

ಬರೆಯುವಾಗ ಇನ್ನೊಂದು ಎಚ್ಚರ ಬೇಕು. ‘ಇನ್’ ಮತ್ತು ‘ಟು’ ಬೇರೆ ಬೇರೆ ಪದಗಳಾಗಿ ಅಕ್ಕಪಕ್ಕ ಬರುವುದೂ ಉಂಟು: ‘ಶಿ ಕೇಮ್ ಇನ್ ಟು ಸೀ ಮಿ’ ಎಂದರೆ ನನ್ನನ್ನು ನೋಡಲು ಒಳಗೆ ಬಂದಳು. ಇಲ್ಲಿ ಎರಡನ್ನೂ ಕೂಡಿಸಿ ಬರೆಯಬಾರದು. ‘ಹಿ ಟರ್ನ್ಡ್ ಹಿಮ್‌ಸೆಲ್ಫ್ ಇನ್ ಟು ದಿ ಪೊಲೀಸ್’ ಎಂದರೆ ಅವನು ಪೊಲೀಸರಿಗೆ ಶರಣಾದ. ಕೂಡಿಸಿ ಬರೆದರೆ ಅವನೇ ಪೊಲೀಸನಾಗಿ ಮಾರ್ಪಟ್ಟ ಎಂಬ ಅರ್ಥ ಬರುತ್ತದೆ.

ಬಸ್ ಹತ್ತುವುದು ‘ಗೆಟ್ ಆನ್’, ಕಾರು ಹತ್ತುವುದು ‘ಗೆಟ್ ಇಂಟು’. ಇದಕ್ಕೆ ನಿಯಮವಿದೆಯೇ?

ಇದೆ. ಒಳಗೆ ಎದ್ದು ನಿಂತು ನಡೆದಾಡಬಹುದಾದ ವಾಹನಗಳಿಗೆ, ಎಂದರೆ ಬಸ್ಸು, ರೈಲು, ವಿಮಾನ, ಹಡಗುಗಳಿಗೆ, ‘ಗೆಟ್ ಆನ್’ ಮತ್ತು ‘ಗೆಟ್ ಆಫ್’. ಬಗ್ಗಿ ಒಳಸೇರಿ ಕೂರಬೇಕಾದ ಕಾರು, ಆಟೊ, ಪುಟ್ಟ ದೋಣಿಗಳಿಗೆ ‘ಗೆಟ್ ಇಂಟು’ ಮತ್ತು ‘ಗೆಟ್ ಔಟ್ ಆವ್’. ಮೇಲೆ ಕಾಲು ಹಾಕಿ ಕೂರುವ ಸೈಕಲ್, ಬೈಕ್, ಕುದುರೆಗಳಿಗೆ ಮತ್ತೆ ‘ಆನ್’ ಮತ್ತು ‘ಆಫ್’.

‘ಬಸ್ ಇಳಿದೆ’ ಎಂಬುದನ್ನು ನಾವು ‘ಐ ಗಾಟ್ ಡೌನ್ ಫ್ರಮ್ ದಿ ಬಸ್’ ಎನ್ನುತ್ತೇವೆ. ‘ಇಳಿ’ ಎಂಬುದರಲ್ಲಿ ಕೆಳಕ್ಕೆ ಬರುವ ಅರ್ಥ ಇರುವುದರಿಂದ ‘ಡೌನ್’ ಸಹಜವಾಗಿಯೇ ಬಾಯಿಗೆ ಬರುತ್ತದೆ. ಭಾರತದೊಳಗೆ ಇದನ್ನು ತಪ್ಪೆಂದು ಹಳಿಯುವುದು ನನಗೆ ಒಪ್ಪಿಗೆಯಿಲ್ಲ. ಕೋಟ್ಯಂತರ ಜನ ಅರ್ಥವಾಗುವಂತೆ ಬಳಸುವ ರೂಪ ಅದು. ಆದರೆ ಹೊರದೇಶದಲ್ಲಿ ‘ಗೆಟ್ ಡೌನ್’ ಎಂದರೆ ಬಗ್ಗಿಕೋ, ನೆಲಕ್ಕೆ ಒರಗು ಎಂಬ ಅರ್ಥ ಮೊದಲು ಹೊಳೆಯುತ್ತದೆ. ಅಲ್ಲಿನ ಬಸ್ಸಿನಲ್ಲಿ ‘ಐ ಆಮ್ ಗೆಟಿಂಗ್ ಆಫ್ ಹಿಯರ್’ ಎನ್ನುವುದನ್ನು ರೂಢಿಸಿಕೊಳ್ಳಬೇಕು.

‘ಬಸ್ಸಿನಲ್ಲಿ ಬಂದೆ’ ಎನ್ನಲು ‘ಇನ್ ಬಸ್’, ‘ಥ್ರೂ ಬಸ್’, ‘ಬೈ ಬಸ್’ ಇವುಗಳಲ್ಲಿ ಯಾವುದು ಸರಿ?

‘ಬೈ ಬಸ್’. ಪ್ರಯಾಣದ ವಿಧಾನವನ್ನು ಹೇಳುವಾಗ ‘ಬೈ’ ಬರುತ್ತದೆ, ಅದರ ಮುಂದೆ ‘ದಿ’, ‘ಅ’, ‘ಮೈ’ ಯಾವುದೂ ಬರುವಂತಿಲ್ಲ. ನಿರ್ದಿಷ್ಟ ವಾಹನವನ್ನು ಹೇಳಬೇಕಾದಾಗ ‘ಬೈ’ ಬಿಟ್ಟು ‘ಇನ್ ಮೈ ಕಾರ್’, ‘ಆನ್ ದಿ ಸಿಕ್ಸ್ ಓ ಕ್ಲಾಕ್ ಬಸ್’ ಎನ್ನಬೇಕು. ‘ಬೈ ವಾಕ್’ ಎಂಬುದು ಇಂಗ್ಲಿಷಿನಲ್ಲಿ ಇಲ್ಲ. ‘ಆನ್ ಫುಟ್’ ಎನ್ನಬಹುದು, ಅದಕ್ಕಿಂತ ಸಹಜವಾದದ್ದು ‘ಐ ವಾಕ್ಡ್’.

‘ಅಕ್ರಾಸ್’, ‘ಥ್ರೂ’, ‘ಓವರ್’, ‘ಅಲಾಂಗ್’, ‘ಪಾಸ್ಟ್’ ಇವುಗಳನ್ನು ಹೇಗೆ ಬೇರ್ಪಡಿಸಿಕೊಳ್ಳುವುದು?

ಈ ಐದೂ ಹಾದಿಯನ್ನು ಹೇಳುವ ಪದಗಳು. ಗುರಿ ಯಾವುದೆಂಬುದು ಇವುಗಳ ವಿಷಯವಲ್ಲ. ನಡುವೆ ಸಿಗುವ ಜಾಗ ಹೇಗಿದೆ, ಅದನ್ನು ಹಾದದ್ದು ಹೇಗೆ ಎಂಬುದು ಇವುಗಳ ವಿಷಯ.

‘ಅಕ್ರಾಸ್’ ಬಯಸುವುದು ಚಪ್ಪಟೆಯಾದ ಹರವನ್ನು, ಒಂದು ಅಂಚಿನಿಂದ ಎದುರು ಅಂಚಿಗೆ: ರಸ್ತೆ, ಮೈದಾನ, ಹೊಳೆ. ‘ಥ್ರೂ’ ಬಯಸುವುದು ಸುತ್ತುವರಿದ ಒಡಲನ್ನು: ಸುರಂಗ, ಕಾಡು, ಜನಜಂಗುಳಿ, ಬಾಗಿಲು, ಮಂಜು. ನುಣ್ಣಗೆ ಕತ್ತರಿಸಿದ ಹುಲ್ಲುಹಾಸನ್ನು ‘ಅಕ್ರಾಸ್’ ದಾಟುತ್ತೇವೆ. ಅದೇ ಹುಲ್ಲು ಎದೆಮಟ್ಟ ಬೆಳೆದಿದ್ದರೆ ‘ಥ್ರೂ’ ಹಾಯುತ್ತೇವೆ. ನೆಲ ಅದೇ, ಆದರೆ ಎರಡನೆಯ ಸಲ ಹುಲ್ಲು ನಮ್ಮನ್ನು ಸುತ್ತುವರಿದಿದೆ. ‘ಓವರ್’ ಎಂದರೆ ಅಡ್ಡಿಯೊಂದರ ಮೇಲಿನಿಂದ ಹಾದು ಆಚೆ ಬದಿಗೆ ಹೋಗುವುದು: ಗೋಡೆ, ಬೇಲಿ, ಬೆಟ್ಟ, ಸೇತುವೆ. ‘ಅಲಾಂಗ್’ ಎಂದರೆ ಉದ್ದವಾದ ಒಂದನ್ನು ಅನುಸರಿಸಿ, ಅದರ ಗುಂಟ ಸಾಗುವುದು. ‘ಪಾಸ್ಟ್’ ಎಂದರೆ ಒಂದು ಗುರುತಿನ ಪಕ್ಕದಲ್ಲಿ ಹಾದು, ನಿಲ್ಲದೆ ಮುಂದೆ ಹೋಗುವುದು.

ನಮ್ಮ ನೆಲದ ದಾರಿಗಳಲ್ಲಿ ಇವನ್ನು ನೋಡಿದರೆ ಮನಸ್ಸಿಗೆ ಬೇಗ ಹತ್ತುತ್ತದೆ. ಕಾರವಾರದಿಂದ ಮಂಗಳೂರಿಗೆ ಬರುವ ರಾಷ್ಟ್ರೀಯ ಹೆದ್ದಾರಿ 66 ಕರಾವಳಿಯ ಗುಂಟ ಸಾಗುತ್ತದೆ, ‘ಅಲಾಂಗ್ ದಿ ಕೋಸ್ಟ್’. ಹೊನ್ನಾವರದ ಬಳಿ ಅದು ಶರಾವತಿಯನ್ನು ದಾಟುತ್ತದೆ, ‘ಅಕ್ರಾಸ್ ದಿ ಶರಾವತಿ’. ಅದೇ ಶರಾವತಿ ಜೋಗದಲ್ಲಿ ಬಂಡೆಯ ಅಂಚಿನಿಂದ ಸುಮಾರು 253 ಮೀಟರ್ ಕೆಳಕ್ಕೆ ಧುಮುಕುತ್ತದೆ, ‘ಓವರ್ ದಿ ಎಡ್ಜ್’ ಮತ್ತು ‘ಡೌನ್ ದಿ ಕ್ಲಿಫ್’. ಮೈಸೂರಿನಿಂದ ಊಟಿಗೆ ಹೋಗುವ ರಸ್ತೆ ಬಂಡೀಪುರದ ಕಾಡನ್ನು ಹಾಯುತ್ತದೆ, ‘ಥ್ರೂ ದಿ ಫಾರೆಸ್ಟ್’. ಸಕಲೇಶಪುರದಿಂದ ಸುಬ್ರಹ್ಮಣ್ಯದ ಕಡೆಗೆ ಘಟ್ಟ ಇಳಿಯುವ ರೈಲು 50ಕ್ಕೂ ಹೆಚ್ಚು ಸುರಂಗಗಳನ್ನು ಹಾದುಹೋಗುತ್ತದೆ. ಆ ಪ್ರಯಾಣವನ್ನು ಇಂಗ್ಲಿಷಿನಲ್ಲಿ ಬಣ್ಣಿಸುವವನು ‘ಥ್ರೂ ಟನಲ್ಸ್’, ‘ಓವರ್ ಬ್ರಿಜಸ್’, ‘ಡೌನ್ ದಿ ಘಾಟ್’ ಎಂದು ಮೂರು ಬೇರೆ ಪದಗಳನ್ನು ಆಯ್ದುಕೊಳ್ಳಲೇಬೇಕು. ಕಾವೇರಿ ತಲಕಾವೇರಿಯಲ್ಲಿ ಹುಟ್ಟಿ, ಕರ್ನಾಟಕ ಮತ್ತು ತಮಿಳುನಾಡುಗಳ ಮೂಲಕ ಹರಿದು ಬಂಗಾಳಕೊಲ್ಲಿಯನ್ನು ಸೇರುತ್ತದೆ: ‘ಫ್ಲೋಸ್ ಥ್ರೂ’, ಕೊನೆಗೆ ‘ಫ್ಲೋಸ್ ಇಂಟು’. ತಿರುಮಕೂಡಲಿನಲ್ಲಿ ಕಬಿನಿ ಕಾವೇರಿಯನ್ನು ಸೇರುವುದನ್ನು ‘ಜಾಯಿನ್ಸ್ ದಿ ಕಾವೇರಿ’ ಎಂದರೆ ಪ್ರಿಪೊಸಿಷನ್ ಬೇಡ. ‘ಫ್ಲೋಸ್ ಇಂಟು ದಿ ಕಾವೇರಿ’ ಎಂದರೆ ಬೇಕು.

‘ಓವರ್’ ಮತ್ತು ‘ಅಬವ್’ ಎರಡಕ್ಕೂ ‘ಮೇಲೆ’ ಎಂದು ಅರ್ಥ ಬರೆದುಕೊಂಡವರು ಗೋಡೆ ಹಾರುವುದನ್ನು ‘ಜಂಪ್ಡ್ ಅಬವ್ ದಿ ವಾಲ್’ ಎನ್ನುವುದುಂಟು. ‘ಅಬವ್’ ಎತ್ತರವನ್ನು ಹೇಳುತ್ತದೆ, ದಾಟುವುದನ್ನು ಹೇಳುವುದಿಲ್ಲ.

ಇಂಗ್ಲಿಷಿನಲ್ಲಿ ಇಷ್ಟೊಂದು ಪದಗಳೇಕೆ? ಕನ್ನಡ ಇವಿಲ್ಲದೆಯೇ ನಡೆಯುವುದಲ್ಲ?

ಕನ್ನಡ ಈ ಅರ್ಥಗಳನ್ನು ಕಳೆದುಕೊಂಡಿಲ್ಲ, ಬೇರೆ ಕಡೆ ಇರಿಸಿದೆ. ದಾಟು, ಹತ್ತು, ಇಳಿ, ಹೊಗು, ಹಾಯು, ನುಸುಳು, ಬಳಸು: ಹಾದಿಯ ಆಕಾರವನ್ನು ನಮ್ಮಲ್ಲಿ ಬಹುಮಟ್ಟಿಗೆ ಕ್ರಿಯಾಪದವೇ ಹೊರುತ್ತದೆ. ಇಂಗ್ಲಿಷಿನಲ್ಲಿ ಕ್ರಿಯಾಪದ ಚಲನೆಯ ರೀತಿಯನ್ನು ಹೇಳಿ, ಹಾದಿಯನ್ನು ಪ್ರಿಪೊಸಿಷನ್‌ಗೆ ಬಿಟ್ಟುಕೊಡುತ್ತದೆ. ಹಾದಿಯನ್ನು ಕ್ರಿಯಾಪದದಲ್ಲಿ ಇಡುವ ಭಾಷೆಗಳು, ಅದರ ಹೊರಗೆ ಇಡುವ ಭಾಷೆಗಳು ಎಂಬ ಈ ವಿಂಗಡಣೆಯನ್ನು ಭಾಷಾವಿಜ್ಞಾನದಲ್ಲಿ ಪ್ರಸಿದ್ಧಗೊಳಿಸಿದವರು ಅಮೆರಿಕದ ಲೆನರ್ಡ್ ಟಾಲ್ಮಿ.

ಇದನ್ನು ತಿಳಿದರೆ ಅಭ್ಯಾಸದ ದಾರಿಯೇ ಬದಲಾಗುತ್ತದೆ. ‘ಅವನು ಮನೆಯಿಂದ ಹೊರಬಿದ್ದು, ರಸ್ತೆ ದಾಟಿ, ಬೇಲಿ ಹಾರಿ, ಗದ್ದೆಯೊಳಕ್ಕೆ ಓಡಿದ’ ಎಂಬ ವಾಕ್ಯದಲ್ಲಿ ನಾಲ್ಕು ಕ್ರಿಯಾರೂಪಗಳಿವೆ. ಇಂಗ್ಲಿಷಿನಲ್ಲಿ ಒಂದೇ ‘ರ್‍ಯಾನ್’ ಸಾಕು: ‘ಹಿ ರ್‍ಯಾನ್ ಔಟ್ ಆವ್ ದಿ ಹೌಸ್, ಅಕ್ರಾಸ್ ದಿ ರೋಡ್, ಓವರ್ ದಿ ಫೆನ್ಸ್ ಅಂಡ್ ಇಂಟು ದಿ ಫೀಲ್ಡ್’. ನಮ್ಮವರು ಬರೆಯುವ ಇಂಗ್ಲಿಷಿನಲ್ಲಿ ‘ಕ್ರಾಸಿಂಗ್ ದಿ ರೋಡ್, ಜಂಪಿಂಗ್ ದಿ ಫೆನ್ಸ್’ ಎಂದು ಕ್ರಿಯೆಗಳು ಸಾಲುಗಟ್ಟುವುದು ವ್ಯಾಕರಣದ ದೋಷವಲ್ಲ. ಕನ್ನಡದ ಕಟ್ಟಡ ಹಾಗೆಯೇ ಉಳಿದುಬಂದದ್ದು. ಲಾಲ್‌ಬಾಗಿನ ಒಂದು ಸುತ್ತನ್ನು ಇಂಗ್ಲಿಷಿನಲ್ಲಿ ಬರೆದು ನೋಡಿ. ದ್ವಾರವನ್ನು ಹಾದು ಉದ್ಯಾನದೊಳಕ್ಕೆ, ಗಾಜಿನ ಮನೆಯ ಪಕ್ಕದಿಂದ ಮುಂದಕ್ಕೆ, ಕೆಂಪೇಗೌಡ ಗೋಪುರವಿರುವ ಬಂಡೆಯ ಮೇಲಕ್ಕೆ, ಮತ್ತೆ ಕೆಳಕ್ಕೆ, ಕೆರೆಯ ಸುತ್ತ. ಇಡೀ ಸುತ್ತಿಗೆ ‘ವಾಕ್ಡ್’ ಎಂಬ ಒಂದೇ ಕ್ರಿಯಾಪದವನ್ನು ಬಳಸುವುದೆಂದು ಕಟ್ಟು ಹಾಕಿಕೊಳ್ಳಿ. ಆಗ ‘ಥ್ರೂ’, ‘ಇಂಟು’, ‘ಪಾಸ್ಟ್’, ‘ಅಪ್’, ‘ಡೌನ್’, ‘ಅರೌಂಡ್’ ಒಂದೊಂದಾಗಿ ತಮ್ಮ ಜಾಗಕ್ಕೆ ಬಂದು ಕೂರುತ್ತವೆ.

‘ಇಂದ’ ಬಂದಲ್ಲೆಲ್ಲ ‘ಫ್ರಮ್’ ಸಾಕೇ?

ಹಲವು ವೇಳೆ ಸಾಕು. ಆದರೆ ಮೊದಲ ಉತ್ತರದಲ್ಲಿ ಹೇಳಿದ ಬಿಂದು, ಮೇಲ್ಮೈ, ಒಳಾವರಣಗಳ ಭೇದ ಇಲ್ಲಿಯೂ ಕೆಲಸ ಮಾಡುತ್ತದೆ. ಬಿಂದುವಿನಿಂದ ಹೊರಟರೆ ‘ಫ್ರಮ್’, ಮೇಲ್ಮೈಯಿಂದ ಕಳಚಿಕೊಂಡರೆ ‘ಆಫ್’, ಒಳಗಿನಿಂದ ಹೊರಬಂದರೆ ‘ಔಟ್ ಆವ್’. ಮೇಜಿನಿಂದ ಲೋಟ ಬಿದ್ದರೆ ‘ಫೆಲ್ ಆಫ್ ದಿ ಟೇಬಲ್’. ಜೇಬಿನಿಂದ ನಾಣ್ಯ ಬಿದ್ದರೆ ‘ಫೆಲ್ ಔಟ್ ಆವ್ ಮೈ ಪಾಕೆಟ್’. ಏಣಿಯಿಂದ ಬಿದ್ದರೆ ‘ಆಫ್ ದಿ ಲ್ಯಾಡರ್’. ಮರದಿಂದ ಬಿದ್ದರೆ ಮಾತ್ರ ‘ಔಟ್ ಆವ್ ದಿ ಟ್ರೀ’ ಎನ್ನುವುದು ಇಂಗ್ಲಿಷರ ರೂಢಿ. ಕೊಂಬೆ ಎಲೆಗಳ ನಡುವೆ ಇರುವವನನ್ನು ಅವರ ಭಾಷೆ ಮರದ ಒಳಗಿರುವವನೆಂದು ಎಣಿಸುತ್ತದೆ, ‘ಎ ಬರ್ಡ್ ಇನ್ ದಿ ಟ್ರೀ’ ಎನ್ನುವುದೂ ಅದಕ್ಕಾಗಿಯೇ. ಹಣ್ಣು ಮರದಿಂದ ಬಿದ್ದಾಗ ‘ಫ್ರಮ್’ ಸಾಕು.

‘ಸರ್ಕಲ್‌ವರೆಗೆ ಹೋಗಿ’ ಎನ್ನಲು ‘ಗೋ ಟಿಲ್ ದಿ ಸರ್ಕಲ್’ ಎನ್ನಬಹುದೇ?

ಎನ್ನಬಾರದು. ನಮ್ಮ ‘ವರೆಗೆ’ ಕಾಲಕ್ಕೂ ಸ್ಥಳಕ್ಕೂ ಒಂದೇ. ಇಂಗ್ಲಿಷಿನ ‘ಟಿಲ್’ ಮತ್ತು ‘ಅಂಟಿಲ್’ ಕಾಲಕ್ಕೆ ಮಾತ್ರ: ಸಂಜೆಯವರೆಗೆ, ಮಳೆ ನಿಲ್ಲುವವರೆಗೆ. ಸ್ಥಳಕ್ಕೆ ‘ಆಸ್ ಫಾರ್ ಆಸ್’ ಬೇಕು: ‘ಗೋ ಆಸ್ ಫಾರ್ ಆಸ್ ದಿ ಸರ್ಕಲ್’. ‘ಅಪ್ ಟು’ ಎಂದೂ ಹೇಳಬಹುದು, ಆದರೆ ‘ವಾಕ್ಡ್ ಅಪ್ ಟು’ ಎಂಬುದಕ್ಕೆ ಹತ್ತಿರ ಹೋಗಿ ನಿಂತ ಎಂಬ ಅರ್ಥವೂ ಇದೆ. ದಾರಿ ಹೇಳುವಾಗ ಇನ್ನೊಂದು ತಪ್ಪು ಹೆಚ್ಚಾಗಿ ಕೇಳುತ್ತದೆ: ‘ಟರ್ನ್ ಟು ಲೆಫ್ಟ್’. ‘ಟರ್ನ್ ಲೆಫ್ಟ್’ ಎನ್ನಿ, ಇಲ್ಲವೇ ‘ದಿ’ ಸೇರಿಸಿ ‘ಟು ದಿ ಲೆಫ್ಟ್’ ಎನ್ನಿ.

ಏರು ತಗ್ಗುಗಳಿಲ್ಲದ ರಸ್ತೆಯಲ್ಲಿಯೂ ‘ಅಪ್ ದಿ ರೋಡ್’, ‘ಡೌನ್ ದಿ ರೋಡ್’ ಎನ್ನುವುದೇಕೆ?

ಅಲ್ಲಿ ಈ ಪದಗಳು ಎತ್ತರದ ಅರ್ಥವನ್ನು ಬಿಟ್ಟು, ರಸ್ತೆಯ ಗುಂಟ ಮುಂದೆ ಎಂಬ ಅರ್ಥವನ್ನಷ್ಟೇ ಉಳಿಸಿಕೊಂಡಿವೆ. ಬ್ರಿಟನ್ನಿನ ರೈಲ್ವೆಯಲ್ಲಿ ಲಂಡನ್ನಿನತ್ತ ಹೋಗುವ ಮಾರ್ಗಕ್ಕೆ ಸಾಂಪ್ರದಾಯಿಕವಾಗಿ ‘ಅಪ್ ಲೈನ್’ ಎಂಬ ಹೆಸರಿದೆ. ಅಲ್ಲಿ ಎತ್ತರವೆಂದರೆ ರಾಜಧಾನಿಯ ಮಹತ್ವ, ನೆಲದ ಏರಲ್ಲ. ಕಲಿಯುವವರು ಈ ಬಳಕೆಯನ್ನು ಅರ್ಥ ಮಾಡಿಕೊಂಡರೆ ಸಾಕು. ತಾವು ಬರೆಯುವಾಗ ‘ಅಲಾಂಗ್ ದಿ ರೋಡ್’ ಎಂದರೆ ಎಲ್ಲೆಡೆಯೂ ಸಲ್ಲುತ್ತದೆ.

‘ಹಂಪಿಗೆ ಹೋಗಿದ್ದಾನೆ’ ಎಂಬುದು ‘ಹ್ಯಾಸ್ ಗಾನ್ ಟು’ ಆಗುತ್ತದೆಯೇ, ‘ಹ್ಯಾಸ್ ಬೀನ್ ಟು’ ಆಗುತ್ತದೆಯೇ?

ಎರಡೂ ಆಗಬಹುದು, ಅರ್ಥ ಬೇರೆ. ‘ಹಿ ಹ್ಯಾಸ್ ಗಾನ್ ಟು ಹಂಪಿ’ ಎಂದರೆ ಹೋಗಿದ್ದಾನೆ, ಇನ್ನೂ ಮರಳಿಲ್ಲ. ‘ಹಿ ಹ್ಯಾಸ್ ಬೀನ್ ಟು ಹಂಪಿ’ ಎಂದರೆ ಹಂಪಿಯನ್ನು ನೋಡಿ ಬಂದವನು. ‘ಬೀನ್’ ಎಂಬುದು ಇರುವಿಕೆಯ ಕ್ರಿಯಾಪದದ ರೂಪವಾಗಿದ್ದರೂ ಅದರ ಮುಂದೆ ‘ಟು’ ಬರುವ ವಿಶೇಷ ಸಂದರ್ಭ ಇದು. ‘ಹ್ಯಾಸ್ ಬೀನ್ ಇನ್ ಹಂಪಿ ಸಿನ್ಸ್ ಮಂಡೇ’ ಎಂದರೆ ಸೋಮವಾರದಿಂದ ಅಲ್ಲಿಯೇ ಇದ್ದಾನೆ. ಸಂದರ್ಶನದಲ್ಲಿ ‘ನೀವು ಎಂದಾದರೂ ಮುಂಬಯಿಗೆ ಹೋಗಿದ್ದೀರಾ’ ಎಂಬ ಪ್ರಶ್ನೆಗೆ ‘ಐ ಹ್ಯಾವ್ ಗಾನ್ ಟು ಮುಂಬಯಿ’ ಎಂದು ಉತ್ತರಿಸಿದರೆ ಅದು ಹೊಂದುವುದಿಲ್ಲ, ಏಕೆಂದರೆ ಉತ್ತರಿಸುತ್ತಿರುವವರು ಎದುರಿಗೇ ಕುಳಿತಿದ್ದಾರೆ.

ಬ್ರಿಟಿಷ್ ಮತ್ತು ಅಮೆರಿಕನ್ ಬಳಕೆಗಳಲ್ಲಿ ವ್ಯತ್ಯಾಸಗಳಿವೆಯೇ?

ಕೆಲವಿವೆ, ದೊಡ್ಡವಲ್ಲ. ಬ್ರಿಟಿಷರು ಹೆಚ್ಚಾಗಿ ‘ಟುವರ್ಡ್ಸ್’ ಎನ್ನುತ್ತಾರೆ, ಅಮೆರಿಕನ್ನರು ಕೊನೆಯ ‘ಸ್’ ಬಿಟ್ಟು ‘ಟುವರ್ಡ್’ ಎನ್ನುತ್ತಾರೆ. ಕಿಟಕಿಯಿಂದ ಹೊರಗೆ ನೋಡಿದಳು ಎನ್ನಲು ಬ್ರಿಟಿಷ್ ಬರಹದಲ್ಲಿ ‘ಲುಕ್ಡ್ ಔಟ್ ಆವ್ ದಿ ವಿಂಡೊ’, ಅಮೆರಿಕದಲ್ಲಿ ‘ಆವ್’ ಇಲ್ಲದೆ ‘ಔಟ್ ದಿ ವಿಂಡೊ’ ಎಂಬುದು ಸಾಮಾನ್ಯ. ಅಮೆರಿಕದ ಆಡುಮಾತಿನಲ್ಲಿ ‘ಆಫ್ ಆವ್ ದಿ ಟೇಬಲ್’ ಎಂಬುದು ಕಿವಿಗೆ ಬೀಳುತ್ತದೆ. ಔಪಚಾರಿಕ ಬರವಣಿಗೆಯಲ್ಲಿ ‘ಆಫ್’ ಒಂದೇ ಸಾಕು. ಬ್ರಿಟನ್ನಿನಲ್ಲಿ ‘ಆಂಟು’ ಎಂಬುದನ್ನು ಈಗಲೂ ಹಲವರು ಬಿಡಿಸಿ ‘ಆನ್ ಟು’ ಎಂದು ಬರೆಯುತ್ತಾರೆ, ಅಮೆರಿಕದಲ್ಲಿ ಕೂಡಿಸಿ ಬರೆಯುವುದೇ ರೂಢಿ. ಪರೀಕ್ಷೆಗೆ ಬರೆಯುವವರು ಎರಡರಲ್ಲಿ ಯಾವುದನ್ನಾದರೂ ಆರಿಸಿಕೊಳ್ಳಬಹುದು, ಆದರೆ ಒಂದೇ ಉತ್ತರದಲ್ಲಿ ಎರಡನ್ನೂ ಬೆರೆಸಬಾರದು.